ಪಹಣಿಯಲ್ಲಿ ಪಾಲು, ನೆಲದಲ್ಲಿ ಒಂದೇ: ಮೈನ್‌ಫ್ರೇಮಿನ ಹಿಸ್ಸೆಗಳೂ ಅವುಗಳ ಲೆಕ್ಕವೂ

ನಮ್ಮ ವನಗೂರಿನ ಕಡೆಯ ಯಾವುದಾದರೂ ಹಳೆಯ ತೋಟದ ಪಹಣಿ ತೆಗೆಸಿ ನೋಡಿ. ಒಂದೇ ಸರ್ವೆ ನಂಬರಿನ ಕೆಳಗೆ ನಾಲ್ಕೈದು ಹೆಸರು, ಪ್ರತಿ ಹೆಸರಿನ ಮುಂದೆ ಇಂತಿಷ್ಟು ಎಕರೆ, ಇಂತಿಷ್ಟು ಗುಂಟೆ. ತೋಟಕ್ಕೇ ಹೋದರೆ ನಡುವೆ ಬೇಲಿಯಿಲ್ಲ, ಬದುವಿಲ್ಲ, ಕಲ್ಲು ನೆಟ್ಟಿಲ್ಲ. ಕಾಫಿ ಗಿಡಗಳೂ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳೂ ಪಾಲಾದ ಸುದ್ದಿಯೇ ತಿಳಿಯದೆ ಒಟ್ಟಿಗೆ ನಿಂತಿರುತ್ತವೆ. ಪೋಡಿ ಆಗಿಲ್ಲ ಎನ್ನುತ್ತಾರೆ. ಕಂದಾಯ ಇಲಾಖೆ ಇದನ್ನು ಬಹುಮಾಲಕತ್ವದ ಪಹಣಿ ಎನ್ನುತ್ತದೆ. ಒಟ್ಟಿಗೇ ಕೊಯ್ದು, ಒಂದೇ ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿದ ಮೇಲೆ ಪಹಣಿಯ ಪ್ರಕಾರ ಹಂಚಿಕೊಳ್ಳುವ ಅಣ್ಣತಮ್ಮಂದಿರು ಈಗಲೂ ಇದ್ದಾರೆ.

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಮೈನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದ ನನಗೆ, ಅಲ್ಲಿ ದಿನಕ್ಕೆ ನೂರು ಸಲ ಬಾಯಿಗೆ ಬರುವ 'ಎಲ್‌ಪಾರ್' ಎಂಬ ಮಾತನ್ನು ಮನೆಯವರಿಗೆ ಬಿಡಿಸಿ ಹೇಳಲು ಈ ಪಹಣಿಗಿಂತ ಹತ್ತಿರದ ಹೋಲಿಕೆ ಸಿಕ್ಕಿಲ್ಲ. ಲಾಜಿಕಲ್ ಪಾರ್ಟಿಷನ್ ಎಂಬುದರ ಗಿಡ್ಡ ರೂಪ ಅದು: ಒಂದೇ ಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಂಗಳು ಓಡಲು ಕೊಟ್ಟ ಒಂದೊಂದು ಪಾಲು. 'ತಾರ್ಕಿಕ ವಿಭಜನೆ' ಎಂದು ಅನುವಾದಿಸಬಹುದು, ಆದರೆ ಆ ಮಾತು ದಾರಿ ತಪ್ಪಿಸುತ್ತದೆ. ವಿಭಜನೆ ಎಂದರೆ ಕಡಿದು ಬೇರೆ ಮಾಡಿದ್ದು. ಇಲ್ಲಿ ಕಡಿದದ್ದು ಏನೂ ಇಲ್ಲ, ಲೆಕ್ಕದಲ್ಲಿ ಮಾತ್ರ ಪಾಲಿದೆ. ಹಾಗಾಗಿ ಈ ಲೇಖನದಲ್ಲಿ ನಾನು ಆಡುಮಾತಿನ ಅರ್ಥದಲ್ಲಿ 'ಹಿಸ್ಸೆ' ಎನ್ನುತ್ತೇನೆ. ಯಂತ್ರವನ್ನು ನಿಜವಾಗಿಯೇ ಎರಡು ಹೋಳು ಮಾಡಿದ ಕಡೆ 'ಪೋಡಿ' ಎನ್ನುತ್ತೇನೆ.

ಈ ಯಂತ್ರಗಳ ಚರಿತ್ರೆ ಬರೆದವರು ಬಹುಮಟ್ಟಿಗೆ ವಿನ್ಯಾಸಕಾರರ ಕಡೆಯಿಂದ ಬರೆದಿದ್ದಾರೆ: ಯಾರು ಯಾವ ಉಪಾಯ ಕಂಡುಹಿಡಿದರು, ಯಾವ ಮಾದರಿಯಲ್ಲಿ ಅದು ಬಂತು. ನಾನು ಅಳತೆಯ ಕಡೆಯಿಂದ ನೋಡುತ್ತಿದ್ದೇನೆ. ಹಾಗೆ ನೋಡಿದಾಗ ಎರಡು ಸಂಗತಿ ಮತ್ತೆ ಮತ್ತೆ ಕಾಣುತ್ತವೆ. ಯಂತ್ರವನ್ನು ಹೊಸ ರೀತಿಯಲ್ಲಿ ಪಾಲು ಮಾಡಿದಾಗಲೆಲ್ಲ ಅದುವರೆಗಿನ ಅಳತೆ ಸುಳ್ಳಾಯಿತು. ಹೊಸ ಅಳತೆಯನ್ನು ತಂದು ಕೂರಿಸಿದ್ದು ಹೆಚ್ಚಿನ ಸಲ ಎಂಜಿನಿಯರ್ ಅಲ್ಲ, ಬಿಲ್ಲು.

ಮೊದಲ ಅಳತೆಯೇ ಬಿಲ್ಲಿನದು. ಐಬಿಎಂ ತನ್ನ ಸಿಸ್ಟಂ/360 ಸರಣಿಯನ್ನು ಘೋಷಿಸಿದ್ದು 1964ರ ಏಪ್ರಿಲ್ 7ರಂದು. ಆ ಕಾಲದಲ್ಲಿ ದೊಡ್ಡ ಕಂಪ್ಯೂಟರನ್ನು ಕೊಳ್ಳುವವರಿಗಿಂತ ತಿಂಗಳ ಬಾಡಿಗೆಗೆ ಪಡೆಯುವವರೇ ಹೆಚ್ಚು. ಯಂತ್ರದ ಮೈಮೇಲೆ, ನಮ್ಮ ಮನೆಯ ಕರೆಂಟ್ ಮೀಟರಿನ ಹಾಗೆ, ಗಂಟೆ ಎಣಿಸುವ ಮೀಟರುಗಳಿದ್ದವು: ಒಂದು ಗ್ರಾಹಕರ ಬಳಕೆಗೆ, ಇನ್ನೊಂದು ರಿಪೇರಿಗೆ ಬಂದವನ ಸಮಯಕ್ಕೆ. ರಿಪೇರಿಯವನು ಕೀಲಿಕೈ ತಿರುಗಿಸಿದರೆ ಎಣಿಕೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮೂಲ ಬಾಡಿಗೆಗೆ ತಿಂಗಳಿಗೆ 176 ಗಂಟೆ ಎಂಬ ಲೆಕ್ಕವಿತ್ತು. ದಿನಕ್ಕೆ ಎಂಟು ಗಂಟೆಯಂತೆ ಇಪ್ಪತ್ತೆರಡು ದಿನ. ಪ್ರೊಸೆಸರ್ ಒಂದೇ, ಕೆಲಸ ಒಂದೇ, ಗ್ರಾಹಕರ ಮೀಟರೂ ಒಂದೇ ಆಗಿರುವವರೆಗೆ ಈ ಲೆಕ್ಕದಲ್ಲಿ ತಕರಾರಿಗೆ ಜಾಗವಿರಲಿಲ್ಲ.

ಮೀಟರಿನ ಜೊತೆಗೆ ಆಪರೇಟರುಗಳಿಗೆ ಇನ್ನೊಂದು ಅಳತೆ ಇತ್ತು, ಅದು ಯಾವ ಕೈಪಿಡಿಯಲ್ಲೂ ಅಳತೆಯೆಂದು ಬರೆದದ್ದಲ್ಲ. ಕನ್ಸೋಲಿನ ಮೇಲೆ ಸಾಲಾಗಿ ಪುಟ್ಟ ದೀಪಗಳು. ಅವುಗಳಲ್ಲಿ ಒಂದರ ಹೆಸರು 'ವೇಟ್'. ಪ್ರೊಸೆಸರಿಗೆ ಕೆಲಸವಿಲ್ಲದೆ ಅದು ಕಾಯುತ್ತ ಕೂತಾಗ ಈ ದೀಪ ಹೊತ್ತುತ್ತಿತ್ತು. ಕ್ಷಣಕ್ಕೆ ಸಾವಿರ ಸಲ ಹತ್ತಿ ಆರುವ ದೀಪ ಕಣ್ಣಿಗೆ ಮಂದವಾಗಿ ಕಾಣುತ್ತದೆ. ದೀಪ ಪ್ರಕಾಶವಾಗಿದ್ದರೆ ಯಂತ್ರ ಸುಮ್ಮನಿದೆ, ಮಂಕಾಗಿದ್ದರೆ ದುಡಿಯುತ್ತಿದೆ ಎಂದು ಅನುಭವಸ್ಥರು ದೂರದಿಂದಲೇ ಹೇಳುತ್ತಿದ್ದರು. ಮುಂದೆ ಬಂದ ಎಲ್ಲ ಬಳಕೆ ಪ್ರಮಾಣದ ವರದಿಗಳೂ ಈ ದೀಪದ ಲೆಕ್ಕವನ್ನೇ ಮಾಡುತ್ತವೆ: ಒಟ್ಟು ಸಮಯದಲ್ಲಿ ಕಾದ ಸಮಯ ಕಳೆದರೆ ಉಳಿದದ್ದು ದುಡಿದ ಸಮಯ. ಈ ಸೂತ್ರವನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಇದೇ ಮೋಸ ಮಾಡುತ್ತದೆ.

'ಪಾರ್ಟಿಷನ್' ಎಂಬ ಮಾತು ಮೊದಲು ಬಂದದ್ದು ಪ್ರೊಸೆಸರಿಗಲ್ಲ, ಮೆಮೊರಿಗೆ. 360ರ ಆಪರೇಟಿಂಗ್ ಸಿಸ್ಟಂ ಆದ ಓಎಸ್/360ರ ಎಂಎಫ್‌ಟಿ ಎಂಬ ರೂಪದಲ್ಲಿ ಮೆಮೊರಿಯನ್ನು ಮೊದಲೇ ನಿಗದಿಯಾದ ತುಂಡುಗಳಾಗಿ ಮಾಡಿ, ಒಂದೊಂದರಲ್ಲಿ ಒಂದೊಂದು ಕೆಲಸ ಓಡಿಸುತ್ತಿದ್ದರು. ಚಿಕ್ಕ ಯಂತ್ರಗಳ ಡಿಓಎಸ್/360ರಲ್ಲಿ ಇಂಥ ತುಂಡುಗಳು ಮೂರೇ: ಹಿಂದಿನದೊಂದು, ಮುಂದಿನವೆರಡು, ಬಿಜಿ, ಎಫ್1, ಎಫ್2 ಎಂದು ಹೆಸರು. ದೊಡ್ಡದರಲ್ಲಿ ಹದಿನೈದರವರೆಗೆ. ಹದಿನೈದೇ ಏಕೆಂದರೆ ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈ ಹಾಕದಂತೆ ಕಾಯುವ ಕೀಲಿಗೆ ನಾಲ್ಕೇ ಬಿಟ್. ಹದಿನಾರು ಕೀಲಿಗಳಲ್ಲಿ ಸೊನ್ನೆಯದು ಮೇಲ್ವಿಚಾರಕನಿಗೆ ಮೀಸಲು. 64 ಸಾವಿರ ಬೈಟಿನ ತುಂಡಿನಲ್ಲಿ 40 ಸಾವಿರದ ಕೆಲಸ ಕೂತರೆ ಮಿಕ್ಕ 24 ಸಾವಿರ ಪಾಳು. ಪಕ್ಕದ ತುಂಡಿನವನು ಜಾಗ ಸಾಲದೆ ಒದ್ದಾಡುತ್ತಿದ್ದರೂ ಅದು ಸಿಗುತ್ತಿರಲಿಲ್ಲ. ಇದು ಪೋಡಿ ಆದ ಜಮೀನು, ಕಲ್ಲು ನೆಟ್ಟಾಗಿದೆ.

ಮೆಮೊರಿ ಹೀಗೆ ಹೋಳಾದ ದಿನವೇ ಬಾಡಿಗೆ ಮೀಟರ್ ಸುಳ್ಳಾಯಿತು. ಮೂರು ಇಲಾಖೆಗಳ ಕೆಲಸ ಒಟ್ಟಿಗೆ ಓಡಿದ ಒಂದು ಗಂಟೆ ಯಾರ ಗಂಟೆ? ಯಂತ್ರದ ಮಾಲೀಕನಿಗೆ ಕೊಡಬೇಕಾದದ್ದನ್ನು ಮೀಟರ್ ಹೇಳುತ್ತಿತ್ತು, ಒಳಗಿನವರು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದನ್ನು ಹೇಳುತ್ತಿರಲಿಲ್ಲ. ಈ ಕೊರತೆ ತುಂಬಲು 1960ರ ದಶಕದ ಕೊನೆಗೆ ಓಎಸ್/360ಗೆ ಎಸ್‌ಎಂಎಫ್ ಎಂಬ ಲೆಕ್ಕದ ವ್ಯವಸ್ಥೆ ಬಂತು: ಪ್ರತಿ ಕೆಲಸ ಎಷ್ಟು ಪ್ರೊಸೆಸರ್ ಸಮಯ ತಿಂದಿತು, ಎಷ್ಟು ಸಲ ಟೇಪು ಡಿಸ್ಕು ಮುಟ್ಟಿತು ಎಂಬುದನ್ನು ದಾಖಲೆಯಾಗಿ ಬರೆದಿಡುವುದು. ಒಂದೊಂದು ಬಗೆಯ ದಾಖಲೆಗೆ ಒಂದೊಂದು ನಂಬರು. ಅರ್ಧ ಶತಮಾನ ದಾಟಿದರೂ ಇವತ್ತಿನ ಆಪರೇಟಿಂಗ್ ಸಿಸ್ಟಂ ಆದ ಝಡ್/ಓಎಸ್‌ನಲ್ಲಿ ಅದೇ ಪದ್ಧತಿ. ಪ್ರೊಸೆಸರ್ ಮತ್ತು ಹಿಸ್ಸೆಗಳ ಲೆಕ್ಕ 70ನೇ ನಂಬರಿನ ದಾಖಲೆಯಲ್ಲಿ ಕೂರುತ್ತದೆ.

ಇದೇ ಹೊತ್ತಿಗೆ ಬೆಂಗಳೂರಿಗೆ 360 ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ಕೇಂದ್ರ ಶುರುವಾದದ್ದು 1970ರಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲ. ಅಲ್ಲಿಗೆ ಬಂದದ್ದು ಐಬಿಎಂ 360/44. ಈ 44 ತನ್ನ ಅಣ್ಣತಮ್ಮಂದಿರಂತಲ್ಲ. ವಿಜ್ಞಾನದ ಗಣಿತಕ್ಕೆಂದೇ ಮಾಡಿದ ಮಾದರಿ. ಲೆಕ್ಕಪತ್ರದ ಕೆಲಸಕ್ಕೆ ಬೇಕಾಗುವ ದಶಮಾನ ಅಂಕಗಣಿತದ ಆಜ್ಞೆಗಳನ್ನು ಬಿಟ್ಟು, ವೇಗಕ್ಕಾಗಿ ಸರ್ಕ್ಯೂಟಿನಲ್ಲೇ ಆಜ್ಞೆಗಳನ್ನು ಕಟ್ಟಿದ್ದರು. ಅದಕ್ಕೆ ತನ್ನದೇ ಆಪರೇಟಿಂಗ್ ಸಿಸ್ಟಂ. ಪೂರ್ತಿ ತುಂಬಿಸಿದರೂ ಇದರ ಮೆಮೊರಿ 256 ಸಾವಿರ ಬೈಟಿನ ಮೇಲೆ ಹೋಗುತ್ತಿರಲಿಲ್ಲ. ಈಗ ಫೋನಿನಲ್ಲಿ ಬರುವ ಒಂದು 'ಶುಭೋದಯ' ಚಿತ್ರವೇ ಅದರಲ್ಲಿ ಹಿಡಿಸದಿರಬಹುದು.

ಇಂಥ ಕೇಂದ್ರಗಳಲ್ಲಿ ಪಾಲು ನಡೆಯುತ್ತಿದ್ದದ್ದು ಯಂತ್ರದೊಳಗಲ್ಲ, ಗೋಡೆಯ ಗಡಿಯಾರದ ಮೇಲೆ. ಫೋರ್ಟ್ರಾನ್ ಪ್ರೋಗ್ರಾಮನ್ನು ಎಂಬತ್ತು ಕಾಲಮ್ಮಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ರಬ್ಬರ್ ಬ್ಯಾಂಡ್ ಹಾಕಿ ಕಿಟಕಿಯಲ್ಲಿ ಕೊಟ್ಟು ಬಂದರೆ, ಮುದ್ರಿತ ಕಾಗದ ಮರುದಿನ. ಒಂದು ಅಲ್ಪವಿರಾಮ ತಪ್ಪಿದರೆ ಇನ್ನೊಂದು ದಿನ. ಯಾವ ವಿಭಾಗಕ್ಕೆ ಯಾವ ಹೊತ್ತು ಎಂಬ ಸರದಿ ಇತ್ತು, ಗದ್ದೆಗೆ ನೀರು ಬಿಡುವ ಸರದಿಯ ಹಾಗೆ. ಮೇಲ್ವಿಚಾರಣೆಯ ದಾಖಲೆ ಎಂದರೆ ಆಪರೇಟರನ ಲಾಗ್ ಪುಸ್ತಕ. ನೀರು ಪಾಲಾಗುವುದು ಎರಡು ರೀತಿ. ಬಿಸಲೆಗೆ ಹೋಗುವ ದಾರಿಯಲ್ಲಿ, ವನಗೂರು ಕೂಡುರಸ್ತೆ ದಾಟಿದ ಮೇಲೆ, ಮಂಕನಹಳ್ಳಿಯ ಹತ್ತಿರ ಮಳೆನೀರು ಇಬ್ಭಾಗವಾಗುವ ಏಣು ಇದೆ. ಒಂದು ಕಡೆಯದು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ. ಆ ಏಣನ್ನು ಯಾರೂ ಸರಿಸಲಾರರು. ಸರದಿಯ ನೀರು ಬೇರೆ: ಇವತ್ತು ನಿನ್ನದು, ನಾಳೆ ನನ್ನದು, ನೀನು ಊರಲ್ಲಿಲ್ಲದಿದ್ದರೆ ನಿನ್ನದೂ ನನ್ನದೇ. ಮೈನ್‌ಫ್ರೇಮಿನ ಮುಂದಿನ ಇಪ್ಪತ್ತು ವರ್ಷದ ಕಥೆ ಏಣಿನಿಂದ ಸರದಿಗೆ ಬಂದ ಕಥೆ.

ಏಣಿನ ಕಾಲದ ಯಂತ್ರಗಳಲ್ಲಿ ಎರಡು ಪ್ರೊಸೆಸರುಗಳ 360/67 ಗಮನಾರ್ಹ. ಅದರ ಜೊತೆಗೊಂದು ಸಂರಚನಾ ಫಲಕವಿತ್ತು, ತುಂಬ ಸ್ವಿಚ್ಚುಗಳು. ಅವನ್ನು ಆಚೀಚೆ ಹಾಕಿ ಇಡೀ ಯಂತ್ರವನ್ನು ಎರಡು ಸ್ವತಂತ್ರ ಕಂಪ್ಯೂಟರುಗಳಾಗಿ ಒಡೆಯಬಹುದಿತ್ತು, ಮತ್ತೆ ಕೂಡಿಸಬಹುದಿತ್ತು. ಸಂರಚನೆ ಎಂದರೆ ಆಗ ಕೈಯಿಂದ ಮುಟ್ಟುವ ಕೆಲಸ. 1974ರಲ್ಲಿ ಎಂವಿಎಸ್ ಎಂಬ ಆಪರೇಟಿಂಗ್ ಸಿಸ್ಟಂ ಬಂದ ಮೇಲೆ ಪ್ರೊಸೆಸರನ್ನು ಕನ್ಸೋಲಿನಲ್ಲಿ ಟೈಪ್ ಮಾಡಿದ ಆಜ್ಞೆಯಿಂದಲೇ ಒಳಗೆ ತರುವುದು, ಹೊರಗೆ ಹಾಕುವುದು ರೂಢಿಯಾಯಿತು. 1980ರ ದಶಕದ ಆರಂಭದ ನಾಲ್ಕು ಪ್ರೊಸೆಸರುಗಳ 3084ನ್ನೂ ನಡುವೆ ಸೀಳಿ ಎರಡು ಪಕ್ಕಗಳಾಗಿ ಮಾಡಬಹುದಿತ್ತು. ಆದರೆ ಸೀಳು ಬೀಳುವುದು ನಡುವೆಯೇ. ಮುಕ್ಕಾಲು-ಕಾಲು ಬೇಕೆಂದರೆ ಇಲ್ಲ.

ಸರದಿಯ ಉಪಾಯ ಹುಟ್ಟಿದ್ದು ಬೇರೆ ಕಡೆ. ಐಬಿಎಂನ ಕೇಂಬ್ರಿಜ್ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಮುಂತಾದವರು ಮಾರ್ಪಡಿಸಿದ ಒಂದು 360/40ರ ಮೇಲೆ ಸಿಪಿ-40 ಎಂಬ ಪ್ರೋಗ್ರಾಮ್ ಬರೆದರು. 1967ರ ಹೊತ್ತಿಗೆ ಅದು ಬಳಕೆಗೆ ಬಂತು. ಒಂದು ಯಂತ್ರದೊಳಗೆ ಹಲವು ಯಂತ್ರಗಳಿವೆ ಎಂಬ ಭ್ರಮೆಯನ್ನು ಅದು ಎಷ್ಟು ಅಚ್ಚುಕಟ್ಟಾಗಿ ಹುಟ್ಟಿಸಿತೆಂದರೆ, ಒಳಗೆ ಓಡುವ ಆಪರೇಟಿಂಗ್ ಸಿಸ್ಟಂಗೆ ತಾನು ಬಾಡಿಗೆ ಮನೆಯಲ್ಲಿರುವುದು ತಿಳಿಯುತ್ತಿರಲಿಲ್ಲ. ಅದರಿಂದ ಸಿಪಿ-67 ಬಂತು, 1972ರ ಆಗಸ್ಟ್ 2ರಂದು ವಿಎಂ/370 ಘೋಷಣೆಯಾಯಿತು. ಬೆಲೆ ಮಾತ್ರ ತೆರಬೇಕಿತ್ತು: ಒಳಗಿನವನು ಸೂಕ್ಷ್ಮ ಆಜ್ಞೆಯೊಂದನ್ನು ಕೊಟ್ಟಾಗಲೆಲ್ಲ ಮೇಲಿನವನು ನಡುವೆ ಬಂದು ನಟಿಸಬೇಕು, ದೊಡ್ಡ ಬ್ಯಾಂಕಿನ ಕೆಲಸಕ್ಕೆ ಆ ವಿಳಂಬ ದುಬಾರಿ. ಆ ನಟನೆಯ ಬಹುಪಾಲನ್ನು ಯಂತ್ರಾಂಶವೇ ಮಾಡುವಂತೆ 1980ರ ದಶಕದ ಆರಂಭದ ವಿನ್ಯಾಸದಲ್ಲಿ ಎಸ್‌ಐಇ ಎಂಬ ಒಂದೇ ಆಜ್ಞೆ ಸೇರಿತು. ಅದನ್ನು ಕನ್ನಡದಲ್ಲಿ ಓದಿ 'ಸೈ' ಎಂದ ಗೆಳೆಯನೊಬ್ಬನ ಮಾತು ನನಗೆ ಈಗಲೂ ಇಷ್ಟ. 'ಹೂಂ, ನೀನಿನ್ನು ಓಡು' ಎನ್ನುವುದೇ ಅದರ ಅರ್ಥ.

ಯಂತ್ರದೊಳಗೇ ಹಿಸ್ಸೆಗಳನ್ನು ಮೊದಲು ಮಾರಿದ್ದು ಐಬಿಎಂ ಅಲ್ಲ. 360ರ ಶಿಲ್ಪಿಗಳಲ್ಲಿ ಒಬ್ಬರಾದ ಜೀನ್ ಆಮ್ಡಾಲ್ 1970ರಲ್ಲಿ ಹೊರಬಂದು ಕಟ್ಟಿದ ಕಂಪನಿ, 1980ರ ದಶಕದ ನಡುವೆ ಎಂಡಿಎಫ್ ಎಂಬ ಹೆಸರಿನಲ್ಲಿ ಅದನ್ನು ಕೊಟ್ಟಿತು. ಐಬಿಎಂನ ಉತ್ತರ 1988ರಲ್ಲಿ, 3090 ಯಂತ್ರಗಳಿಗೆ ಪಿಆರ್/ಎಸ್‌ಎಂ ರೂಪದಲ್ಲಿ. ಮೊದಲು ಕೆಲವೇ ಹಿಸ್ಸೆಗಳು. 2000ದ ಝಡ್900ರಲ್ಲಿ ಹದಿನೈದು, 2003ರ ಝಡ್990ರಲ್ಲಿ ಮೂವತ್ತು, 2005ರ ಝಡ್9ರಲ್ಲಿ ಅರವತ್ತು, 2015ರ ಝಡ್13ರಲ್ಲಿ ಎಂಬತ್ತೈದು. ಝಡ್990ರಿಂದ ಇನ್ನೊಂದು ಬದಲಾವಣೆಯೂ ಆಯಿತು: ಹಿಸ್ಸೆಯಿಲ್ಲದೆ ಇಡೀ ಯಂತ್ರವನ್ನು ಒಬ್ಬನೇ ನಡೆಸುವ ಹಳೆಯ ಕ್ರಮವನ್ನು ತೆಗೆದೇಬಿಟ್ಟರು. ಒಬ್ಬನೇ ಮಗನಿದ್ದರೂ ಪಾಲುಪಟ್ಟಿ ಮಾಡಿಸಲೇಬೇಕು.

ಈ ಕಾಲರೇಖೆಯ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡಬೇಕು, ನನ್ನ ವಾದದ ಒಂದು ಕೊಂಡಿ ಅಲ್ಲಿದೆ. ವಿದೇಶಿ ಬಂಡವಾಳ ಶೇಕಡ 40ಕ್ಕೆ ಇಳಿಸಬೇಕೆಂಬ 1973ರ ಫೆರಾ ಕಾಯ್ದೆಯ ಷರತ್ತಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಇಲ್ಲಿ ಉಳಿದ ಅದರ ಯಂತ್ರಗಳ ನಿರ್ವಹಣೆ ಸರ್ಕಾರಿ ಒಡೆತನದ ಸಿಎಂಸಿಗೆ ಬಂತು. ವಿಜ್ಞಾನ ಸಂಸ್ಥೆ ಮುಂದೆ ಡೆಕ್-1090 ಯಂತ್ರಕ್ಕೆ ಹೋಯಿತು. ಐಬಿಎಂ ಮರಳಿದ್ದು 1992ರಲ್ಲಿ, ಟಾಟಾ ಜೊತೆಗೂಡಿ ಬೆಂಗಳೂರಿನಲ್ಲಿ. ಎಂದರೆ ಏಣು ಸರದಿಯಾದ, ಪೋಡಿ ಹಿಸ್ಸೆಯಾದ ಆ ಹದಿನಾಲ್ಕು ವರ್ಷ ಕರ್ನಾಟಕದ ಬಹುಪಾಲು ಎಂಜಿನಿಯರುಗಳು ಆ ಬದಲಾವಣೆಯನ್ನು ಕಣ್ಣಾರೆ ಕಾಣಲಿಲ್ಲ. 2000ನೇ ಇಸವಿಯ ತಾರೀಖಿನ ದೋಷ ತಿದ್ದುವ ಕೆಲಸ ಬಂದಾಗ, ಬೆಂಗಳೂರಿನ ಬೀದಿಬೀದಿಯಲ್ಲಿ ಕೋಬಾಲ್, ಜೆಸಿಎಲ್, ಸಿಐಸಿಎಸ್ ಕಲಿಸುವ ಬೋರ್ಡುಗಳು ಎದ್ದಾಗ, ಹಿಸ್ಸೆ ಎಂಬುದು ಸಿದ್ಧ ವಸ್ತುವಾಗಿ ಕೈಗೆ ಬಂತು. ಸ್ವಿಚ್ಚು ಹಾಕಿ ಯಂತ್ರ ಸೀಳಿದ ನೆನಪು ನಮಗಿಲ್ಲ. ಅದಕ್ಕೇ ನಮ್ಮ ಪೀಳಿಗೆ ಹಿಸ್ಸೆಯನ್ನು ಸ್ವಂತ ಯಂತ್ರವೆಂದೇ ನಂಬಿತು, ಪರದೆಯ ಮೇಲಿನ ಶೇಕಡಾವಾರನ್ನು ಪ್ರಶ್ನಿಸಲಿಲ್ಲ ಎಂದು ನನಗೆ ಅನಿಸುತ್ತದೆ. ನಾನಂತೂ ಪ್ರಶ್ನಿಸಲಿಲ್ಲ.

ಅದರಿಂದಾದ ಪೇಚನ್ನು ಹೇಳುವ ಮೊದಲು ಪಾಲಿನ ಲೆಕ್ಕ ತಿಳಿದಿರಬೇಕು. ಪ್ರತಿ ಹಿಸ್ಸೆಗೆ ಒಂದು 'ವೆಯ್ಟ್', ತೂಕ. ಹತ್ತು ಪ್ರೊಸೆಸರುಗಳ ಯಂತ್ರದಲ್ಲಿ ಮೂರು ಹಿಸ್ಸೆ, ತೂಕ 500, 260, 240 ಎಂದಿಟ್ಟುಕೊಳ್ಳಿ. ಒಟ್ಟು ಸಾವಿರ. ಮೊದಲನೆಯದರ ಪಾಲು ಐದು ಪ್ರೊಸೆಸರ್, ಎರಡನೆಯದರದು 2.6, ಮೂರನೆಯದರದು 2.4. ಯಾರಿಗೂ ಇಂಥದೇ ಪ್ರೊಸೆಸರ್ ಎಂದು ಬರೆದುಕೊಟ್ಟಿಲ್ಲ. ಪಿಆರ್/ಎಸ್‌ಎಂ ಸಾಮಾನ್ಯವಾಗಿ 12.5ರಿಂದ 25 ಮಿಲಿಸೆಕೆಂಡಿನ ಸರದಿಯಲ್ಲಿ ಹಂಚುತ್ತಾ ಹೋಗುತ್ತದೆ. ಪಕ್ಕದವನು ಸುಮ್ಮನಿದ್ದರೆ ಅವನದನ್ನೂ ತಿನ್ನಬಹುದು. ಎಲ್ಲರೂ ಹಸಿದು ಬಂದಾಗ ಮಾತ್ರ ತೂಕ ಮಾತಾಡುತ್ತದೆ. ಇದರ ಜೊತೆಗೆ ಪ್ರತಿ ಹಿಸ್ಸೆಗೂ ಇಷ್ಟು 'ಲಾಜಿಕಲ್ ಪ್ರೊಸೆಸರ್' ಎಂದು ಕೊಟ್ಟಿರುತ್ತಾರೆ. ಅವು ತಟ್ಟೆಗಳು, ಊಟವಲ್ಲ. 2.6ರ ಪಾಲಿನವನ ಮುಂದೆ ಎಂಟು ತಟ್ಟೆ ಇಡಬಹುದು.

2006ರ ಮಳೆಗಾಲದ ಒಂದು ರಾತ್ರಿಪಾಳಿ. ಯುರೋಪಿನ ಒಂದು ಬ್ಯಾಂಕಿನ ತಿಂಗಳ ಕೊನೆಯ ಬ್ಯಾಚು, ಅವರ ನಡುರಾತ್ರಿ ನಮ್ಮ ನಸುಕು. ಬಡ್ಡಿ ಹಾಕುವ ಕೆಲಸ ನಡೆಯುತ್ತಿದ್ದ ಹಿಸ್ಸೆಯಲ್ಲಿ ಪ್ರೊಸೆಸರ್ ಬಳಕೆ ನೂರಕ್ಕೆ ನೂರು, ಕೆಲಸ ಮಾತ್ರ ಆಮೆಯ ಹಾಗೆ. ನಾನು ಮಾಡಿದ್ದು ಆ ಹೊತ್ತಿನಲ್ಲಿ ಯಾರಾದರೂ ಮಾಡುವುದನ್ನೇ. ಕನ್ಸೋಲಿನಲ್ಲಿ 'ಡಿ ಎಂ=ಸಿಪಿಯು' ಎಂದು ಹೊಡೆದೆ. ಐಇಇ174ಐ ಎಂಬ ಸಂದೇಶದ ಕೆಳಗೆ ಪ್ರೊಸೆಸರುಗಳ ಪಟ್ಟಿ ಇಳಿಯಿತು: 00ರಿಂದ 07ರವರೆಗೆ ಪ್ರತಿ ನಂಬರಿನ ಮುಂದೆ '+', ಎಂದರೆ ಒಳಗಿದೆ, 08ರ ಮುಂದೆ '-', ಮೀಸಲಿದೆ ಆದರೆ ಹೊರಗಿದೆ. ಸಂತೋಷದಿಂದ 'ಸಿಎಫ್ ಸಿಪಿಯು(8),ಆನ್‌ಲೈನ್' ಎಂದೆ. ಸಂರಚನೆ ಮುಗಿಯಿತು ಎಂಬ ಐಇಇ712ಐ ಬಂತು. ಒಂಬತ್ತು ಪ್ರೊಸೆಸರ್! ಚಹಾ ಕುಡಿದು ಬಂದು ನೋಡಿದರೆ ಬಳಕೆ ಈಗಲೂ ನೂರು, ಬ್ಯಾಚು ಮೊದಲಿಗಿಂತ ನಿಧಾನ.

ಲೆಕ್ಕ ಸುಲಭವಾಗಲೆಂದು ಮೇಲಿನ ಉದಾಹರಣೆಯ ಅಂಕಿಗಳನ್ನೇ ಇಲ್ಲಿಗೆ ಹಾಕುತ್ತೇನೆ. ಪಾಲು 2.6. ಎಂಟು ತಟ್ಟೆಗೆ ಹಂಚಿದಾಗ ಒಂದೊಂದಕ್ಕೆ ಸಿಗುತ್ತಿದ್ದದ್ದು ನೂರರಲ್ಲಿ ಮೂವತ್ತೆರಡೂವರೆ. ನಾನು ಒಂಬತ್ತನೆಯ ತಟ್ಟೆ ಇಟ್ಟ ಮೇಲೆ ಇಪ್ಪತ್ತೊಂಬತ್ತರ ಹತ್ತಿರ. ಅನ್ನ ಹೆಚ್ಚಲಿಲ್ಲ. ಆದರೆ ಹಿಸ್ಸೆಯೊಳಗಿನ ಆಪರೇಟಿಂಗ್ ಸಿಸ್ಟಂಗೆ ಇದು ಹೇಗೆ ಕಾಣುತ್ತದೆ? ಅದು ಹಳೆಯ ವೇಟ್ ದೀಪದ ಸೂತ್ರವನ್ನೇ ಹಾಕುತ್ತದೆ: ನಾನು ಕಾಯುವ ಸ್ಥಿತಿಗೆ ಹೋಗಲೇ ಇಲ್ಲ, ಆದ್ದರಿಂದ ನೂರಕ್ಕೆ ನೂರು ದುಡಿದೆ. ತನ್ನ ತಟ್ಟೆಯನ್ನು ಯಾರೋ ಎತ್ತಿಟ್ಟಿದ್ದ ಹೊತ್ತನ್ನೂ ಅದು ಊಟದ ಹೊತ್ತೆಂದೇ ಎಣಿಸುತ್ತದೆ. ನಿದ್ದೆ ಹೋದವನಿಗೆ ತಾನು ಮಲಗಿದ್ದ ಸಮಯ ಗೊತ್ತಾಗುವುದಿಲ್ಲವಲ್ಲ, ಹಾಗೆ. ಇದಕ್ಕಿಂತ ಕೆಟ್ಟದ್ದೂ ಇದೆ. ಒಂದು ಪ್ರೊಸೆಸರ್ ಒಂದು ಬೀಗ ಹಿಡಿದುಕೊಂಡಿದ್ದಾಗಲೇ ಪಿಆರ್/ಎಸ್‌ಎಂ ಅದನ್ನು ಊಟದ ನಡುವೆಯೇ ಎಬ್ಬಿಸಿ ಕಳಿಸಿತೆನ್ನಿ; ಆ ಬೀಗಕ್ಕಾಗಿ ಕಾಯುವ ಉಳಿದವು ತಮ್ಮ ಸರದಿಯನ್ನು ಗಿರಗಿರ ಸುತ್ತುವುದರಲ್ಲೇ ಕಳೆಯುತ್ತವೆ. ತಟ್ಟೆ ಹೆಚ್ಚಿದಷ್ಟೂ ಈ ವ್ಯರ್ಥ ಹೆಚ್ಚು.

ಬೆಳಿಗ್ಗೆ ಬಂದ ಹಿರಿಯರೊಬ್ಬರು ನನ್ನ ಪರದೆಯನ್ನು ನೋಡಲೇ ಇಲ್ಲ. ಆರ್‌ಎಂಎಫ್ ಎಂಬ ಅಳತೆ ಸಾಧನದ ವರದಿಯಲ್ಲಿ ಹಿಸ್ಸೆಗಳ ಲೆಕ್ಕದ ಪುಟ ತೆಗೆಸಿದರು. ಅಲ್ಲಿ ಎರಡು ಸಂಖ್ಯೆ ಎದುರುಬದುರು: ಒಳಗಿನಿಂದ ಕಂಡ ಎಂವಿಎಸ್ ಬಳಕೆ 100, ನಿಜವಾಗಿ ಸಿಕ್ಕ ಎಲ್‌ಪಾರ್ ಬಳಕೆ ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. "ಐದು ತೆಗಿ" ಎಂದರು. ತೆಗೆದೆ. ನಾಲ್ಕು ತಟ್ಟೆಗೆ 2.6ರ ಪಾಲು, ಒಂದೊಂದಕ್ಕೆ ಅರವತ್ತೈದು. ಬ್ಯಾಚು ಚುರುಕಾಯಿತು. ಪ್ರೊಸೆಸರ್ ಕಡಿಮೆ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂಬುದನ್ನು ಮರುದಿನದ ಮೀಟಿಂಗಿನಲ್ಲಿ ಮ್ಯಾನೇಜರಿಗೆ ಒಪ್ಪಿಸಲು ಮಾತ್ರ ಬ್ಯಾಚಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಆ ಎರಡನೆಯ ಸಂಖ್ಯೆಯ ಹಿಂದೆ ಚರಿತ್ರೆಯಿದೆ. ಎಂವಿಎಸ್ ಜೊತೆ ಎಂಎಫ್/1 ಎಂಬ ಚಿಕ್ಕ ಅಳತೆ ಸಾಧನ ಬಂತು, ಅದರ ಜಾಗಕ್ಕೆ ಕೆಲವೇ ವರ್ಷಗಳಲ್ಲಿ ಆರ್‌ಎಂಎಫ್. ಒಂದೊಂದು ಅವಧಿಗೆ ಕಾದ ಸಮಯ ಕಳೆದು ಬಳಕೆ ಹೇಳುವುದು ಅದರ ಕೆಲಸ. ಹಿಸ್ಸೆಗಳು ಬಂದ ಮೇಲೆ ಒಳಗಿನಿಂದ ಎಷ್ಟು ನೋಡಿದರೂ ನಿಜ ಸಿಗದು, ಮೇಲಿನವನನ್ನೇ ಕೇಳಬೇಕು. ಅದಕ್ಕಾಗಿ ಡಯಾಗ್ನೋಸ್ 204 ಎಂಬ ಆಜ್ಞೆಯ ಮೂಲಕ ಆರ್‌ಎಂಎಫ್ ಪಿಆರ್/ಎಸ್‌ಎಂಗೆ ಪ್ರಶ್ನೆ ಹಾಕುತ್ತದೆ. ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್ ಕೊಟ್ಟೆ ಎಂಬ ಪಟ್ಟಿ ಮೇಲಿನಿಂದ ಬರುತ್ತದೆ. ಪಹಣಿ ನೋಡಲು ನಾಡಕಚೇರಿಗೆ ಹೋದ ಹಾಗೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಮೇಲ್ವಿಚಾರಣೆಯ ತಿರುಳು. ಎರಡೂ ಒಂದೇ ಆಗಿದ್ದರೆ ಹಿಸ್ಸೆಗೆ ಕೇಳಿದ್ದು ಸಿಗುತ್ತಿದೆ. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ ಇದ್ದರೆ ಒಳಗೆ ಹಸಿವಿದೆ. ಒಂದೇ ಸಂಖ್ಯೆ ತೋರಿಸುವ ಬಣ್ಣದ ಪರದೆಗಳು ಇವತ್ತಿಗೂ ಮಾರಾಟವಾಗುತ್ತವೆ, ಕೊಳ್ಳುವವರೂ ಇದ್ದಾರೆ.

ತಟ್ಟೆಗಳ ಈ ಗೋಜಲಿಗೆ ಯಂತ್ರದಿಂದಲೇ ಪರಿಹಾರ ಬಂದದ್ದು 2008ರ ಝಡ್10ರಲ್ಲಿ, ಹೈಪರ್‌ಡಿಸ್ಪ್ಯಾಚ್ ಹೆಸರಿನಲ್ಲಿ. 2.6ರ ಪಾಲಿನವನಿಗೆ ಎರಡು ಪ್ರೊಸೆಸರುಗಳನ್ನು ಬಹುಮಟ್ಟಿಗೆ ಪೂರ್ತಿಯಾಗಿ, ಮೂರನೆಯದನ್ನು ನೂರಕ್ಕೆ ಅರವತ್ತರಂತೆ ಕೊಟ್ಟು, ಎಂಟು ತಟ್ಟೆಗಳಲ್ಲಿ ಮಿಕ್ಕ ಐದನ್ನು ಮೂಲೆಗೆ ನಿಲ್ಲಿಸುವುದು. ಪಕ್ಕದವರು ಬಿಟ್ಟ ಕಾಲ ಸಿಕ್ಕಾಗ ಮಾತ್ರ ಅವನ್ನು ಎಬ್ಬಿಸುವುದು. ನಮ್ಮ ಹಿರಿಯರು ಅಂದು ಕೈಯಿಂದ ಮಾಡಿಸಿದ್ದನ್ನೇ ಈಗ ಕ್ಷಣಕ್ಷಣಕ್ಕೂ ಯಂತ್ರ ಮಾಡುತ್ತದೆ. ಇದರ ನಿಜವಾದ ಕಾರಣ ಸೌಜನ್ಯವಲ್ಲ, ಪ್ರೊಸೆಸರಿನ ಹತ್ತಿರವೇ ಇರುವ ಕ್ಯಾಶ್ ಎಂಬ ಮೆಮೊರಿ. ಪ್ರೊಸೆಸರುಗಳು ಮೆಮೊರಿಗಿಂತ ಎಷ್ಟೋ ಪಟ್ಟು ವೇಗವಾದ ಮೇಲೆ, ಒಂದು ಕೆಲಸ ನಿನ್ನೆ ಕೂತ ಜಾಗದಲ್ಲೇ ಇವತ್ತೂ ಕೂತರೆ ಅದರ ದತ್ತಾಂಶ ಹತ್ತಿರವೇ ಬೆಚ್ಚಗೆ ಸಿಗುತ್ತದೆ. ಹೀಗೆ ಹಿಸ್ಸೆ ಮತ್ತೆ ಸ್ವಲ್ಪ ಪೋಡಿಯ ಕಡೆಗೆ ವಾಲಿತು. ಅದಕ್ಕೂ ಮೊದಲೇ, ಝಡ್900ರ ಕಾಲದಲ್ಲಿ, ಕೆಲಸದ ಮಹತ್ವ ನೋಡಿ ಹಿಸ್ಸೆಗಳ ತೂಕವನ್ನೇ ತಾನಾಗಿ ಬದಲಿಸುವ ಐಆರ್‌ಡಿ ಬಂದಿತ್ತು. ಯಾವ ಕೆಲಸಕ್ಕೆ ಎಷ್ಟು ಮಹತ್ವ ಎಂಬುದನ್ನು ಅದು ಕೇಳಿ ತಿಳಿಯುವುದು 1994ರಲ್ಲಿ ಬಂದ ಡಬ್ಲ್ಯುಎಲ್ಎಂ ಹತ್ತಿರ.

ಇಲ್ಲಿಗೆ ಎಂಜಿನಿಯರುಗಳ ಕಥೆ ಹೆಚ್ಚುಕಡಿಮೆ ಮುಗಿಯಿತು. ಬಿಲ್ಲಿನದು ಬಾಕಿ. 1969ರ ಜೂನ್‌ನಲ್ಲಿ ಐಬಿಎಂ ಸಾಫ್ಟ್‌ವೇರಿಗೆ ಪ್ರತ್ಯೇಕ ಬೆಲೆ ಹಾಕುವುದಾಗಿ ಘೋಷಿಸಿತು. ಮುಂದೆ ಆ ಬೆಲೆ ಯಂತ್ರದ ಒಟ್ಟು ಸಾಮರ್ಥ್ಯಕ್ಕೆ ಗಂಟುಬಿತ್ತು: ಒಂದು ಮೂಲೆಯ ಹಿಸ್ಸೆಯಲ್ಲಿ ಮಾತ್ರ ಓಡುವ ಡೇಟಾಬೇಸಿಗೂ ಇಡೀ ಯಂತ್ರದ ಗಾತ್ರಕ್ಕೆ ದುಡ್ಡು. ನಾಲ್ಕು ಗುಂಟೆಯ ಹಿಸ್ಸೆದಾರ ಇಡೀ ಸರ್ವೆ ನಂಬರಿನ ಕಂದಾಯ ಕಟ್ಟಿದಂತೆ. ಹಿಸ್ಸೆಗೆ ತಕ್ಕ ಬೆಲೆಯ ಪದ್ಧತಿ ಝಡ್/ಓಎಸ್ ಜೊತೆಗೆ 2000ದ ಆಸುಪಾಸಿನಲ್ಲಿ ಬಂತು. ಸಾಮರ್ಥ್ಯವನ್ನು ಎಂಎಸ್‌ಯು ಎಂಬ ಏಕಮಾನದಲ್ಲಿ ಅಳೆದು, ಹಿಂದಿನ ನಾಲ್ಕು ಗಂಟೆಯ ಸರಾಸರಿಯನ್ನು ಐದೈದು ನಿಮಿಷಕ್ಕೆ ಹೊಸದಾಗಿ ಕಟ್ಟಿ, ತಿಂಗಳಲ್ಲಿ ಅದು ಅತಿ ಎತ್ತರಕ್ಕೆ ಏರಿದ ಗಂಟೆಗೆ ಬಿಲ್ಲು. ಎಸ್‌ಎಂಎಫ್‌ನ 70 ಮತ್ತು 89ನೇ ದಾಖಲೆಗಳನ್ನು ಓದಿ ಎಸ್‌ಸಿಆರ್‌ಟಿ ಎಂಬ ಸಾಧನ ಇದನ್ನು ಲೆಕ್ಕಹಾಕುತ್ತದೆ. ಬಿಲ್ಲಿನ ಈ ತಿಂಗಳು 2ನೇ ತಾರೀಖಿಗೆ ಹುಟ್ಟಿ ಮುಂದಿನ ತಿಂಗಳ 1ಕ್ಕೆ ಮುಗಿಯುತ್ತದೆ.

ಈ ಒಂದು ಸರಾಸರಿ ಹಿಸ್ಸೆಗಳ ಸಂರಚನೆಯನ್ನು ಮಾರ್ಪಡಿಸಿದಷ್ಟು ಯಾವ ತಾಂತ್ರಿಕ ಆವಿಷ್ಕಾರವೂ ಮಾರ್ಪಡಿಸಿಲ್ಲ. ಸಾಫ್ಟ್‌ವೇರುಗಳನ್ನು ಒಂದೆರಡು ಹಿಸ್ಸೆಗಳಿಗೆ ಒಟ್ಟುಗೂಡಿಸಿದರು. ಪರೀಕ್ಷೆಯ ಕೆಲಸವನ್ನು ಬ್ಯಾಚಿನ ಹೊತ್ತಿನಿಂದ ಆಚೆಗೆ ತಳ್ಳಿದರು. ಹಿಸ್ಸೆಗೆ ಎಂಎಸ್‌ಯು ಮಿತಿ ಹಾಕಿದರು. ಸರಾಸರಿ ಮಿತಿ ದಾಟಿದರೆ ಡಬ್ಲ್ಯುಎಲ್ಎಂ ಕತ್ತು ಹಿಡಿಯುತ್ತದೆ. ಇದರಲ್ಲೊಂದು ಕ್ರೂರ ತಮಾಷೆ: ಸರಾಸರಿ ನಾಲ್ಕು ಗಂಟೆಯದಾದ್ದರಿಂದ ದಟ್ಟಣೆಯ ಹೊತ್ತಿನಲ್ಲಿ ಏನೂ ಆಗದು, ಜನರೆಲ್ಲ ಹೋಗಿ ಯಂತ್ರ ಹಗುರಾಗಬೇಕಾದ ಹೊತ್ತಿಗೆ ಹಿಡಿತ ಬಿಗಿಯಾಗುತ್ತದೆ. ಬೆಂಗಳೂರಿನ ರಾತ್ರಿಪಾಳಿಯವರು ಈ ನಾಲ್ಕು ಗಂಟೆಯ ಗೆರೆಯನ್ನೇ ಕಣ್ಣಲ್ಲಿಟ್ಟುಕೊಂಡು ಕೂರುತ್ತಿದ್ದರು. ಪ್ರೊಸೆಸರುಗಳಲ್ಲೇ ಜಾತಿಗಳಾದದ್ದೂ ಬಿಲ್ಲಿನಿಂದಲೇ. ಲಿನಕ್ಸಿಗೆ ಐಎಫ್‌ಎಲ್ 2000ದಲ್ಲಿ, ಜಾವಾಕ್ಕೆ ಝಡ್‌ಎಎಪಿ 2004ರಲ್ಲಿ, ಡಿಬಿ2 ಡೇಟಾಬೇಸ್ ಮುಂತಾದ ಕೆಲಸಕ್ಕೆ ಝಡ್‌ಐಐಪಿ 2006ರಲ್ಲಿ. ಒಳಗಿನ ಚಿಪ್ಪು ಸಾಮಾನ್ಯ ಪ್ರೊಸೆಸರಿನದೇ. ವ್ಯತ್ಯಾಸ ಇಷ್ಟೇ: ಇವುಗಳ ಮೇಲೆ ಓಡಿದ್ದು ಐಬಿಎಂನ ಸಾಫ್ಟ್‌ವೇರ್ ಬಿಲ್ಲಿನ ಎಂಎಸ್‌ಯು ಎಣಿಕೆಗೆ ಸೇರುವುದಿಲ್ಲ. 'ಡಿ ಎಂ=ಸಿಪಿಯು' ಹೊಡೆದರೆ ನಂಬರಿನ ಪಕ್ಕದಲ್ಲಿ 'ಐ' ಎಂಬ ಅಕ್ಷರ ಕಂಡರೆ ಅದು ಝಡ್‌ಐಐಪಿ. ಆ ಒಂದು ಅಕ್ಷರ ಯಂತ್ರಶಾಸ್ತ್ರದ್ದಲ್ಲ, ಲೆಕ್ಕಪತ್ರದ್ದು.

2019ರಲ್ಲಿ ಐಬಿಎಂ ಟೈಲರ್ಡ್ ಫಿಟ್ ಎಂಬ ಹೊಸ ಬೆಲೆ ಪದ್ಧತಿ ತಂದಿತು. ಅದರ ಒಂದು ಬಗೆಯಲ್ಲಿ ಶಿಖರದ ಗಂಟೆ ಲೆಕ್ಕಕ್ಕಿಲ್ಲ. ವರ್ಷಪೂರ್ತಿ ಒಟ್ಟು ಎಷ್ಟು ಬಳಸಿದಿರಿ ಎಂಬುದಕ್ಕೆ ದುಡ್ಡು. 360ರ ಮೈಮೇಲಿನ ಆ ಗಂಟೆಯ ಮೀಟರು ಸುತ್ತು ಹಾಕಿ ಮತ್ತೆ ಬಾಗಿಲಿಗೆ ಬಂದಂತಾಯಿತು. ಅದನ್ನು ಒಪ್ಪಿಕೊಂಡ ಕಡೆ ಹಿಸ್ಸೆಗಳ ಮೇಲಿನ ಎಂಎಸ್‌ಯು ಮಿತಿಗಳು ಅರ್ಥ ಕಳೆದುಕೊಂಡವು. ಹೋದ ವರ್ಷ ಹಳೆಯ ಸಹೋದ್ಯೋಗಿಯೊಬ್ಬ ಬಿಸಲೆಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಅವನು ನೋಡಿಕೊಳ್ಳುವ ಕಡೆ ಹಾಗೆ ಆಗಿದೆಯಂತೆ. ಮಿತಿಗಳನ್ನೆಲ್ಲ ತೆಗೆದ ದಿನ ರಾತ್ರಿ, ಇನ್ನು ನೋಡಬೇಕಾಗಿಲ್ಲ ಎಂದು ಗೊತ್ತಿದ್ದರೂ, ಪಾಳಿಯವರು ನಾಲ್ಕು ಗಂಟೆಯ ಗೆರೆಯನ್ನು ಪರದೆಯ ಮೂಲೆಯಲ್ಲಿ ಹಾಗೇ ಬಿಟ್ಟುಕೊಂಡು ಕೂತಿದ್ದರಂತೆ.